ಪಿಲ್ಗ್ರಿಮ್ಸ್, ಪ್ಲಿಮತ್ ಬಂಡೆ, ಬಕಲ್ ಟೋಪಿ: ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳ್ಕೊಡ್ತೀರ?

ಸುಮಾ_ವುಸ್ಟರ್
ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ಕ್ಲಾಸು, ನಾವಿರೋದು ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿ ಮೂರನೇ ಕ್ಲಾಸಲ್ಲೇ ಪಿಲ್ಗ್ರಿಮ್ಸು (1620ರಲ್ಲಿ ಮೇಫ್ಲವರ್ ಹಡಗಲ್ಲಿ ಇಂಗ್ಲೆಂಡಿಂದ ಬಂದವರು), ವಾಂಪನೋಗ್ ಜನ (ಇಲ್ಲಿನ ಮೂಲನಿವಾಸಿಗಳು), ಪಿಲ್ಗ್ರಿಮ್ಸ್ ನೆಲೆಸಿದ ಪ್ಲಿಮತ್ ಕಾಲೊನಿ ಎಲ್ಲ ಪಾಠಕ್ಕೆ ಬರತ್ತೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ರ ಬಂತಲ್ಲ, ಟೀಚರ್ ಪ್ರಾಜೆಕ್ಟ್ ಕೊಟ್ಟಿದಾರೆ. ಇಂಗ್ಲೆಂಡಿಂದ ಬಂದು ನೆಲೆಸಿದವರ ಗುರುತು ಅಂತ ಒಂದನ್ನ ಆರಿಸ್ಕೊಳ್ಬೇಕಂತೆ, ಮೇಫ್ಲವರ್ ಹಡಗೋ, ಅವರು ಕಾಲಿಟ್ಟು ಇಳಿದ್ರು ಅಂತ ಹೇಳೋ ಪ್ಲಿಮತ್ ಬಂಡೆನೋ, ಆ ಎತ್ತರದ ಕಪ್ಪು ಟೋಪಿನೋ, ಟರ್ಕಿ ಕೋಳಿನೋ, ಮೆಕ್ಕೆಜೋಳದ ತೆನೆನೋ. ಚಾರ್ಟ್ ಮಾಡಿ ಕ್ಲಾಸ್ ಮುಂದೆ ನಿಂತು ಮಾತಾಡ್ಬೇಕು.

ನಾನು ಓದಿದ್ದು ಶಿವಮೊಗ್ಗದಲ್ಲಿ. ನಮ್ಗೆ ಅಮೆರಿಕದ ಇತಿಹಾಸ ಅಂದ್ರೆ ಕೊಲಂಬಸ್ ಒಂದು ಪ್ಯಾರಾ, ಬಾಸ್ಟನ್ ಟೀ ಪಾರ್ಟಿ ಒಂದು ಪ್ಯಾರಾ, ಅಷ್ಟೇ. ಲೈಬ್ರರಿಯಿಂದ ಪುಸ್ತಕ ತಂದೆ. ಒಂದ್ರಲ್ಲಿ ಪಿಲ್ಗ್ರಿಮ್ಸು, ವಾಂಪನೋಗ್ ಜನ ಎಲ್ರೂ ನಗ್ತಾ ಒಂದೇ ಮೇಜಲ್ಲಿ ಊಟ ಮಾಡ್ತಿರೋ ಚಿತ್ರ, ಇನ್ನೊಂದ್ರಲ್ಲಿ ಕಾಯಿಲೆ, ಸಾವು, ಯುದ್ಧ. ಎರಡೂ ಓದಿ "ಅಮ್ಮಾ ಇದ್ರಲ್ಲಿ ಯಾವ್ದು ನಿಜ" ಅಂತಾಳೆ. ನಮ್ಮನೆಯವರು "ಹಡಗು ಬರ್ಸು, ನೋಡೋಕೆ ಚೆನ್ನಾಗಿರತ್ತೆ, ಮುಗೀತು" ಅಂತಾರೆ. ನಂಗೆ ಅಷ್ಟಕ್ಕೇ ಬಿಡೋಕೆ ಮನಸ್ಸಿಲ್ಲ. ಎಂಟು ವರ್ಷದ ಮಗೂಗೆ ಎಷ್ಟು ಹೇಳ್ಬೋದು? ನಿಮ್ಮನೇಲಿ ಹೇಗೆ ಹೇಳಿದ್ರಿ?

ರವಿ_ಎಡಿಸನ್
ಮೇಡಂ, ತುಂಬಾ ಯೋಚನೆ ಮಾಡ್ತಿದೀರ ಅನ್ಸತ್ತೆ. ಮೂರನೇ ಕ್ಲಾಸು. ನಮ್ಮ ಮಗ ಅಂಗೈ ಇಟ್ಟು ಸುತ್ತ ಪೆನ್ಸಿಲ್ ಎಳೆದು ಟರ್ಕಿ ಮಾಡಿ ಬಣ್ಣ ತುಂಬಿದ, ಟೀಚರ್ ಗೋಡೆಗೆ ಹಾಕಿದ್ರು, ಎಲ್ರೂ ಖುಷಿ. ಸತ್ಯ ಎಲ್ಲ ಹೈಸ್ಕೂಲಲ್ಲಿ ತಾನಾಗೇ ಗೊತ್ತಾಗತ್ತೆ.

ಶಾಲ್ಮಲಾ_ಧಾರವಾಡ
ಸುಮಾ ಅವರ, ನನ್ನ ಕೇಳಿದ್ರ ಬಂಡೆಗಲ್ಲು ತಗೊಳ್ರಿ. ಅದರ ಕಥಿನ ಭಾಳ ಛಲೋ ಐತಿ.

1620ರಾಗ ಬಂದ ಮಂದಿ ತಾವ ಬರದಿಟ್ಟದ್ದು ಈಗೂ ಓದ್ಲಿಕ್ಕೆ ಸಿಗ್ತದ. ಗವರ್ನರ್ ಆಗಿದ್ದ ವಿಲಿಯಂ ಬ್ರಾಡ್‌ಫರ್ಡ್ ಬರದಾನ, ಎಡ್ವರ್ಡ್ ವಿನ್ಸ್ಲೋ ಬರದಾನ. ಗಾಳಿ, ಥಂಡಿ, ಯಾರು ಸತ್ರು, ಏನು ತಿಂದ್ರು ಎಲ್ಲಾ ಐತಿ. ಬಂಡೆ ಮ್ಯಾಲೆ ಕಾಲಿಟ್ಟು ಇಳದ್ವಿ ಅಂತ ಒಂದು ಅಕ್ಷರ ಇಲ್ಲ. ಅಷ್ಟ ಅಲ್ಲ, ಅವರು ಮೊದಲ ಇಳದದ್ದು ಪ್ಲಿಮತ್‌ನ್ಯಾಗ ಅಲ್ಲವ ಅಲ್ಲ, ಕೇಪ್ ಕಾಡ್ ತುದಿಗೆ ಈಗ ಪ್ರಾವಿನ್ಸ್‌ಟೌನ್ ಅಂತಾರಲ್ಲ ಅಲ್ಲಿ. ನವೆಂಬರ್‌ದಾಗ ಅಲ್ಲಿ ಲಂಗರು ಹಾಕಿ, 41 ಮಂದಿ ಗಂಡಸರು ಕೂಡಿ ಆಡಳಿತ ನಡಸೂಣು ಅನ್ನೋ ಮೇಫ್ಲವರ್ ಕರಾರಿಗೆ ಸಹಿ ಮಾಡಿ, ಜಾಗ ಹುಡುಕ್ಕೋತ ಹುಡುಕ್ಕೋತ ಡಿಸೆಂಬರ್‌ದಾಗ ಪ್ಲಿಮತ್ ಮುಟ್ಟಿದ್ರು.

ಬಂಡೆ ಸುದ್ದಿ ಮೊದಲ ಸಲ ಬಂದದ್ದು 1741ರಾಗ, ಅಂದ್ರ 121 ವರ್ಷ ಆದಮ್ಯಾಲೆ. ಆ ಜಾಗದಾಗ ಹಡಗುಕಟ್ಟಿ ಕಟ್ಟಬೇಕು ಅಂತ ಊರವರು ಹೊಂಟಾಗ ಥಾಮಸ್ ಫಾನ್ಸ್ ಅನ್ನೋ 94 ವರ್ಷದ ಮುದುಕ ತನ್ನನ್ನ ಅಲ್ಲಿಗೆ ಕರಕೊಂಡು ಹೋಗ್ರಿ ಅಂದು, ಇದ ಕಲ್ಲಿನ ಮ್ಯಾಲೆ ಹಿರ್ಯಾರು ಇಳದದ್ದು ಅಂತ ತೋರಿಸಿದ. ಅವನ ಅಪ್ಪನೂ ಮೇಫ್ಲವರ್‌ನ್ಯಾಗ ಬಂದಾಂವ ಅಲ್ಲ, 1623ರಾಗ ಬೇರೆ ಹಡಗಿನ್ಯಾಗ ಬಂದಾಂವ. ಮುಂದ 1774ರಾಗ ಎತ್ತು ಹೂಡಿ ಎಬ್ಬಸ್ಲಿಕ್ಕೆ ಹೋದಾಗ ಕಲ್ಲು ಎರಡು ಹೋಳಾತು. ಮ್ಯಾಲಿನ ಹೋಳು ಊರೊಳಗ, ಕೆಳಗಿನ ಹೋಳು ದಂಡಿಗೆ. ಬಂದ ಬಂದವರು ನೆನಪಿಗೆ ಅಂತ ಚೂರು ಚೂರು ಕೆತ್ತಿಕೊಂಡು ಹೋದ್ರು. 1880ರಾಗ ಎರಡೂ ಕೂಡಿಸಿ 1620 ಅಂತ ಕೆತ್ತಿದ್ರು.

ಇದನ್ನ ಮಗಳಿಗೆ ಹೇಳ್ರಿ. "ಈ ಮಾತು ಯಾರು ಹೇಳಿದ್ರು, ಯಾವಾಗ ಹೇಳಿದ್ರು" ಅಂತ ಕೇಳೋದನ್ನ ಕಲತ್ಲು ಅಂದ್ರ ಉಳಿದ ಗುರುತು ಎಲ್ಲಾ ಅಕಿನ ಬಿಡಿಸ್ತಾಳ.

ಮಲ್ಲಿಗೆ_79
ಎರಡು ಹೋಳಾಗಿರೋ ಕಲ್ಲಾ ಅದು?? ಹೋಗಿ ನೋಡ್ಕೊಂಡು ಬಂದಿದೀವಿ, ಮಧ್ಯ ಸಿಮೆಂಟಿನ ಗೆರೆ ಇದೆ, ಯಾಕಂತ ಯಾರೂ ಹೇಳ್ಲಿಲ್ಲ.

ಪ್ರಶಾಂತ್_ರಿಚ್ಮಂಡ್
ಎಲ್ಲರೂ ಪ್ಲಿಮತ್ ಪ್ಲಿಮತ್ ಅಂತೀರಲ್ಲ, ಅದಕ್ಕಿಂತ 13 ವರ್ಷ ಮುಂಚೆ ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್ ಶುರುವಾಗಿತ್ತು. 1607ರ ಮೇ ತಿಂಗಳು, 104 ಜನ ಗಂಡಸರು ಮತ್ತು ಹುಡುಗರು. ನಮ್ಮ ಮಕ್ಕಳಿಗೆ ಇಲ್ಲಿ ಅದೇ ಪಾಠ. ವರ್ಜೀನಿಯಾ ಕಂಪನಿ ಅಂತ ಷೇರು ಮಾರಿ ದುಡ್ಡು ಹಾಕಿದವರು ಲಾಭಕ್ಕೆ ಕಳಿಸಿದ ತಂಡ. ಚಿನ್ನ ಹುಡ್ಕೋಕೆ ಬಂದ್ರು, ಸಿಗ್ಲಿಲ್ಲ. 1609ರ ಚಳಿಗಾಲದಲ್ಲಿ ಹಸಿವಿಂದ ಎಷ್ಟು ಜನ ಹೋದ್ರು ಅಂದ್ರೆ ಕೊನೆಗೆ ಉಳಿದಿದ್ದು ಅರವತ್ತರ ಆಸುಪಾಸು. ಆಮೇಲೆ ಜಾನ್ ರಾಲ್ಫ್ ಹೊಗೆಸೊಪ್ಪು ಬೆಳೆದ, ಕಾಲೊನಿ ಉಳೀತು. ಧರ್ಮಕ್ಕೋಸ್ಕರ ಬಂದ್ರು, ಸ್ವಾತಂತ್ರ್ಯಕ್ಕೋಸ್ಕರ ಬಂದ್ರು ಅನ್ನೋ ಕಥೆ ಮಾತ್ರ ಕೇಳಿ ಬೆಳೆದ ಮಗೂಗೆ ವ್ಯಾಪಾರಕ್ಕೋಸ್ಕರನೇ ಬಂದವರು ಗೊತ್ತೇ ಆಗಲ್ಲ.

ನಾಗು_ಟ್ಯಾಂಪಾ
ಮೊದಲು ಅನ್ನೋದಾದ್ರೆ ನಮ್ಮ ಫ್ಲಾರಿಡಾ ಸ್ವಾಮಿ. ಸೇಂಟ್ ಆಗಸ್ಟಿನ್, 1565. ಸ್ಪೇನ್‌ನವರು ಕಟ್ಟಿದ್ದು, ಇವತ್ತಿಗೂ ಊರು ಇದೆ.

ಪ್ರಶಾಂತ್_ರಿಚ್ಮಂಡ್
ನಾಗು ಸರ್, ನಾನು ಹೇಳಿದ್ದು ಇಂಗ್ಲಿಷರ ಖಾಯಂ ವಸಾಹತು. ಬರೀ ಪ್ರಯತ್ನ ಲೆಕ್ಕಕ್ಕೆ ತಗೊಂಡ್ರೆ ಇಂಗ್ಲಿಷರದ್ದೂ ರೋನೋಕ್‌ನಲ್ಲಿ 1587ರಲ್ಲೇ ಇತ್ತು, ಅಲ್ಲಿದ್ದವರು ಏನಾದ್ರು ಅಂತ ಇವತ್ತಿಗೂ ಪತ್ತೆ ಇಲ್ಲ.

ಚೇತನ್_ಕೆ
ಒಬ್ರು 1565 ಅಂತೀರ, ಒಬ್ರು 1607, ಒಬ್ರು 1620. ಇವರು ಹಡಗಿಂದ ಇಳಿಯೋಕೆ ಸಾವಿರಾರು ವರ್ಷ ಮುಂಚಿಂದ ಅಲ್ಲಿ ಹೊಲ ಇತ್ತು, ಊರಿತ್ತು, ದಾರಿ ಇತ್ತು. ಪಿಲ್ಗ್ರಿಮ್ಸ್ ಮನೆ ಕಟ್ಟಿದ ಜಾಗ ಖಾಲಿ ಕಾಡಲ್ಲ. ಪಟುಕ್ಸೆಟ್ ಅನ್ನೋ ವಾಂಪನೋಗ್ ಊರು, ಆಗ್ಲೇ ಉತ್ತು ಹದ ಮಾಡಿದ್ದ ನೆಲ. ಯೂರೋಪಿನ ಹಡಗುಗಳ ಜೊತೆ ಬಂದ ಕಾಯಿಲೆ 1616ರಿಂದ 1619ರ ನಡುವೆ ಆ ಊರನ್ನ ಪೂರ್ತಿ ಖಾಲಿ ಮಾಡಿತ್ತು. ಮಕ್ಕಳಿಗೆ "ಮೊದಲು ಯಾರು ಬಂದ್ರು" ಅಂತ ಕೇಳೋ ಬದಲು "ಅಲ್ಲಿ ಆಗ ಯಾರಿದ್ರು" ಅಂತ ಶುರು ಮಾಡಿ.

ದೀಪಾ_ಟೀಚರ್
ನಾನು ಕನೆಕ್ಟಿಕಟ್‌ನಲ್ಲಿ ಎಲಿಮೆಂಟರಿ ಸ್ಕೂಲಲ್ಲಿ ಇದೀನಿ, ಅದಕ್ಕೆ ಸ್ವಲ್ಪ ವಿವರವಾಗೇ ಬರೀತೀನಿ, ಉದ್ದ ಆದ್ರೂ ಓದಿ.

ಮೊದಲು ಟೋಪಿ. ಎತ್ತರದ ಫೆಲ್ಟ್ ಟೋಪಿ ಹಾಕ್ತಿದ್ರು, ಅದು ಸರಿ. ಆದ್ರೆ ಮುಂದೆ ಚಿನ್ನದ ಬಣ್ಣದ ಬಕಲ್ಲು, ಶೂ ಮೇಲೆ ಬಕಲ್ಲು, ಅಡಿಯಿಂದ ಮುಡಿವರೆಗೂ ಕಪ್ಪು ಬಟ್ಟೆ, ಇದೆಲ್ಲ 19ನೇ ಶತಮಾನದ ಚಿತ್ರಕಾರರ ಕೆಲಸ. ಆ ಕಾಲದಲ್ಲಿ ಯಾರಾದ್ರೂ ತೀರ್ಕೊಂಡ್ರೆ ಮನೇಲಿದ್ದ ವಸ್ತುಗಳ ಪಟ್ಟಿ ಮಾಡ್ತಿದ್ರು, ಆ ಪಟ್ಟಿಗಳು ಉಳಿದಿವೆ. ಬ್ರಾಡ್‌ಫರ್ಡ್ ಪಟ್ಟೀಲಿ ಕೆಂಪು ವೇಸ್ಟ್‌ಕೋಟಿದೆ, ವಿಲಿಯಂ ಬ್ರೂಸ್ಟರ್ ಪಟ್ಟೀಲಿ ನೇರಳೆ ಬಣ್ಣದ ಕೋಟಿದೆ. ಚೆನ್ನಾಗಿ ನಿಲ್ಲೋ ಕಪ್ಪು ಬಣ್ಣಕ್ಕೆ ದುಡ್ಡು ಜಾಸ್ತಿ, ಅದನ್ನ ದಿನಾ ಹೊಲಕ್ಕೆ ಹಾಕ್ಕೊಂಡು ಹೋಗ್ತಿರ್ಲಿಲ್ಲ. ಮಕ್ಕಳಿಗೆ ಕಪ್ಪು ಕ್ರೆಯಾನ್ ಪಕ್ಕಕ್ಕಿಟ್ಟು ಕೆಂಪು, ನೀಲಿ, ನೇರಳೆ, ಹಸಿರು ಕೊಡಿ. ಒಂದೇ ಸಲಕ್ಕೆ ಅವರೆಲ್ಲ ನಿಜವಾದ ಮನುಷ್ಯರ ಥರ ಕಾಣ್ತಾರೆ.

ಆಮೇಲೆ ಗರಿ ಮತ್ತೆ ಡೇರೆ. ಪೇಪರ್ ಪಟ್ಟಿಗೆ ಬಣ್ಣದ ಗರಿ ಅಂಟಿಸಿ ಮಕ್ಕಳ ತಲೆಗೆ ಕಟ್ಟೋದು ಇನ್ನೂ ಕೆಲವು ಕಡೆ ಇದೆ. ಆ ದೊಡ್ಡ ಗರಿ ಕಿರೀಟ, ಶಂಕುವಿನಾಕಾರದ ಟೀಪಿ ಎರಡೂ ದೂರದ ಬಯಲು ಸೀಮೆಯ ಬುಡಕಟ್ಟುಗಳದ್ದು. ವಾಂಪನೋಗ್ ಮನೆಗೆ ವೆಟು ಅಂತಾರೆ. ಎಳೇ ಮರದ ಕಂಬಗಳನ್ನ ನೆಲಕ್ಕೆ ನೆಟ್ಟು, ಬಗ್ಗಿಸಿ, ತೊಗಟೆ ನಾರಲ್ಲಿ ಕಟ್ಟಿ ಗುಮ್ಮಟದ ಹಾಗೆ ಮಾಡ್ತಾರೆ. ಬೇಸಿಗೇಲಿ ಮೇಲೆ ಜೊಂಡಿನ ಚಾಪೆ, ಚಳಿಗಾಲದಲ್ಲಿ ದಪ್ಪ ಮರದ ತೊಗಟೆ, ನೆತ್ತೀಲಿ ಹೊಗೆ ಹೋಗೋಕೆ ತೂತು. ನಾವು ಕ್ಲಾಸಲ್ಲಿ ಪೈಪ್‌ಕ್ಲೀನರ್ ಬಗ್ಗಿಸಿ ಜೇಡಿಮಣ್ಣಲ್ಲಿ ನೆಟ್ಟು ಕಂದು ಪೇಪರ್ ಹೊದಿಸ್ತೀವಿ. ತೂತು ಎಷ್ಟು ದೊಡ್ಡದಿರ್ಬೇಕು, ಮಳೆ ಬಂದ್ರೆ ಏನ್ಮಾಡ್ತಾರೆ ಅಂತ ಮಕ್ಕಳೇ ಕೇಳ್ತಾರೆ. ಮಾಡಿದ ಮಕ್ಕಳು "ಅವರು ಕಾಡಲ್ಲಿ ಸುಮ್ನೆ ಅಲೀತಿದ್ರು" ಅಂತ ಯಾವತ್ತೂ ಹೇಳಲ್ಲ.

ಅನಿತಾ_ಕ್ಯಾರಿ
ದೀಪಾ ಅವರೇ ನೀವು ಗರಿ ಅಂದ್ರಲ್ಲ, ನಂಗೆ ಇವತ್ತಿಗೂ ಸಿಟ್ಟು ಬರತ್ತೆ. ನನ್ನ ಮಗ ಕಿಂಡರ್‌ಗಾರ್ಟನ್‌ನಲ್ಲಿದ್ದಾಗ ಅರ್ಧ ಮಕ್ಕಳಿಗೆ ಟೋಪಿ ಅರ್ಧ ಮಕ್ಕಳಿಗೆ ಗರಿ, ಅದ್ರಲ್ಲಿ ನಮ್ಮ ಮಕ್ಕಳು, ಮೆಕ್ಸಿಕನ್ ಮಕ್ಕಳು ಎಲ್ಲ ಗರಿ ಕಡೆ. ಫೋಟೋ ನೋಡಿದ ತಕ್ಷಣ ಮಾರನೇ ದಿನವೇ ಹೋಗಿ ಟೀಚರ್ ಹತ್ರ ಮಾತಾಡ್ದೆ. ಜಗಳ ಆಡ್ಲಿಲ್ಲ, ಯಾಕೆ ಹೀಗೆ ಹಂಚಿದ್ರಿ ಅಂತ ನೇರವಾಗಿ ಕೇಳ್ದೆ. ಮುಂದಿನ ವರ್ಷ ಆ ಕಾರ್ಯಕ್ರಮವೇ ಬದಲಾಯ್ತು. ಪೇರೆಂಟ್ಸ್ ಸುಮ್ನಿದ್ರೆ ಯಾವ್ದೂ ಬದಲಾಗಲ್ಲ.

ರವಿ_ಎಡಿಸನ್
ಅನಿತಾ ಅವರದ್ದು ಬೇರೆ ವಿಷಯ, ಅದು ತಪ್ಪೇ, ಒಪ್ತೀನಿ. ಆದ್ರೆ ಬಂಡೆ ಸುಳ್ಳು, ಟೋಪಿ ಸುಳ್ಳು, ಊಟ ಸುಳ್ಳು ಅಂತ ಒಂದೊಂದೇ ಕಿತ್ತು ಹಾಕ್ತಾ ಹೋದ್ರೆ ಮಗೂಗೆ ಉಳಿಯೋದೇನು? ಈ ದೇಶದಲ್ಲಿ ಎಲ್ಲ ಧರ್ಮದವರೂ ಒಟ್ಟಿಗೆ ಮಾಡೋ ಹಬ್ಬ ಇದೊಂದೇ. ನಮ್ಮ ಮಕ್ಕಳು ಇಲ್ಲಿ ಹುಟ್ಟಿದವರು, ಅವರಿಗೂ ಇದು ತಮ್ಮ ಹಬ್ಬ ಅನ್ನಿಸ್ಬೇಕು.

ಶಾಲ್ಮಲಾ_ಧಾರವಾಡ
ರವಿ ಸರ್, ಊಟ ಸುಳ್ಳು ಅಂತ ಯಾರು ಅಂದ್ರು? ಊಟ ಆಗೇತಿ. ವಿನ್ಸ್ಲೋ 1621ರ ಡಿಸೆಂಬರ್‌ದಾಗ ಬರದ ಕಾಗದದಾಗ ಐತಿ. ಸುಗ್ಗಿ ಆದಮ್ಯಾಲೆ ಗವರ್ನರ್ ನಾಕು ಮಂದೀನ ಹಕ್ಕಿ ಬ್ಯಾಟಿಗೆ ಕಳಿಸಿದ, ವಾಂಪನೋಗ್ ಮುಖಂಡ ಮಸ್ಸಸಾಯಿಟ್ ತನ್ನ ತೊಂಬತ್ತು ಮಂದಿ ಕರಕೊಂಡು ಬಂದ, ಮೂರು ದಿನ ಉಂಡ್ರು, ಅವರು ಹೋಗಿ ಐದು ಜಿಂಕಿ ಹೊಡಕೊಂಡು ಬಂದು ಕೊಟ್ರು. ಇಂಗ್ಲಿಷ್ ಮಂದಿ ಆಗ ಉಳದದ್ದು ಬರೇ ಐವತ್ತರ ಸುತ್ತ. 102 ಮಂದಿ ಬಂದಿದ್ರು, ಅರ್ಧ ಮಂದಿ ಮೊದಲನೇ ಚಳಿಗಾಲದಾಗ ತೀರಿಕೊಂಡಿದ್ರು. ಅಂದ್ರ ಆ ಊಟದಾಗ ವಾಂಪನೋಗ್ ಮಂದಿನ ಜಾಸ್ತಿ. ನಿಮ್ಮ ಮಕ್ಕಳ ಚಿತ್ರದಾಗ ಎಷ್ಟು ಮಂದಿ ಇರ್ತಾರ ನೋಡ್ರಿ, ಒಂದು ಮೂಲ್ಯಾಗ ಇಬ್ಬರು.

ಅದಕ್ಕ ಆಗ ಯಾರೂ ಥ್ಯಾಂಕ್ಸ್‌ಗಿವಿಂಗ್ ಅಂದಿರಲಿಲ್ಲ. 1841ರಾಗ ಅಲೆಕ್ಸಾಂಡರ್ ಯಂಗ್ ಅನ್ನಾಂವ ಈ ಕಾಗದ ಮತ್ತ ಅಚ್ಚು ಹಾಕಿ, ಇದ ಮೊದಲನೇ ಥ್ಯಾಂಕ್ಸ್‌ಗಿವಿಂಗ್ ಅಂತ ಅಡಿಟಿಪ್ಪಣಿ ಬರದ. ಹಬ್ಬ ದೇಶಕ್ಕೆಲ್ಲಾ ಆಗಬೇಕು ಅಂತ ಸಾರಾ ಜೊಸೆಫಾ ಹೇಲ್ ಅನ್ನೋ ಪತ್ರಿಕೆ ಸಂಪಾದಕಿ ವರ್ಷಗಟ್ಟಲೆ ಬೆನ್ನು ಹತ್ತಿದ್ಲು, 1863ರಾಗ ಸಿವಿಲ್ ವಾರ್ ನಡುವ ಲಿಂಕನ್ ಘೋಷಣೆ ಮಾಡಿದ. ಅದರಾಗ ಪಿಲ್ಗ್ರಿಮ್ಸ್ ಹೆಸರ ಇಲ್ಲ. ನವೆಂಬರ್ ನಾಕನೇ ಗುರುವಾರ ಅಂತ ಕಾನೂನು ಆದದ್ದು 1941ರಾಗ. ದೇಶ ಒಡದು ಹೊಂಟಾಗ ಎಲ್ಲಾರೂ ಒಂದು ದಿನ ಕೂಡಿ ಕೃತಜ್ಞತೆ ಹೇಳೂಣು ಅಂತ ಮಾಡಿದ ಹಬ್ಬ ಅದು. ನಿಮ್ಮ ಮಕ್ಕಳು ತಮ್ಮದು ಅನ್ನಲಿಕ್ಕೆ ಇದಕ್ಕಿಂತ ಛಲೋ ಕಾರಣ ಏನು ಬೇಕ್ರಿ?

ವಿನುತಾ_ಅಡುಗೆಮನೆ
ಹಾಗಾದ್ರೆ ಟರ್ಕಿ ತಿಂದ್ರೋ ಇಲ್ವೋ? ನಾವು ಸಸ್ಯಾಹಾರಿಗಳು, ಪ್ರತಿ ವರ್ಷ ಮಕ್ಕಳು "ಟರ್ಕಿ ಇಲ್ದೆ ಹಬ್ಬನೇ ಅಲ್ಲ" ಅಂತಾರೆ.

ದೀಪಾ_ಟೀಚರ್
ವಿನುತಾ, ವಿನ್ಸ್ಲೋ ಬರೆದಿದ್ದು ಹಕ್ಕಿ ಅಂತ ಮಾತ್ರ, ಬಾತುಕೋಳಿನೂ ಇರ್ಬೋದು. ಆ ಶರತ್ಕಾಲದಲ್ಲಿ ಕಾಡು ಟರ್ಕಿ ಬೇಕಾದಷ್ಟು ಸಿಕ್ತು ಅಂತ ಬ್ರಾಡ್‌ಫರ್ಡ್ ಬೇರೆ ಕಡೆ ಬರೀತಾನೆ, ಹಾಗಾಗಿ ಇದ್ದಿರ್ಬೋದು ಅಂತಷ್ಟೇ ಹೇಳ್ಬೋದು. ಆಲೂಗಡ್ಡೆ ಇರ್ಲಿಲ್ಲ. ಗೋಧಿ ಹಿಟ್ಟು ಬೆಣ್ಣೆ ಇಲ್ದೆ ಕುಂಬಳಕಾಯಿ ಪೈ ಆಗಲ್ಲ, ಕುಂಬಳಕಾಯಿ ಮಾತ್ರ ಇತ್ತು. ನಿಮ್ಮ ಮಕ್ಕಳಿಗೆ ಮೆಕ್ಕೆಜೋಳ, ಬೀನ್ಸ್, ಕುಂಬಳಕಾಯಿ ಮಾಡ್ಕೊಡಿ. ಆ ನೆಲದ ಊಟ ಅಂದ್ರೆ ಅದೇ. ಮೂರನ್ನೂ ಒಂದೇ ಗುಡ್ಡೇಲಿ ಹಾಕಿ ಬೆಳೀತಿದ್ರು, ಮೂವರು ಅಕ್ಕತಂಗಿಯರು ಅಂತ ಕರೀತಾರೆ.

ಹಾಸನದ_ಮಣ್ಣು
ಇದೇನ್ರೀ ಇದು ನಮ್ಮ ಅಕ್ಕಡಿ ಸಾಲು ಇದ್ದಂಗೆ ಐತಲ್ಲ! ನಾನು ಅಮೆರಿಕದಲ್ಲಿಲ್ಲ, ಅರಸೀಕೆರೆ ಹತ್ರ ಹೊಲ ಮಾಡ್ತೀನಿ, ಅಕ್ಕನ ಮಕ್ಕಳು ಅಲ್ಲವ್ರೆ ಅಂತ ಓದ್ತಾ ಇದ್ದೆ. ರಾಗಿ ಹೊಲದಾಗೆ ಇಷ್ಟು ಸಾಲಿಗೊಂದು ಅಂತ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಅಕ್ಕಡಿ ಹಾಕ್ತೀವಿ. ಒಂದು ಕೈ ಕೊಟ್ರೆ ಇನ್ನೊಂದು ಉಳಿಸ್ತದೆ, ಅವರೆ ತೊಗರಿ ಬೇರು ಮಣ್ಣಿಗೆ ಸಾರ ಕೊಡ್ತದೆ. ಅವರ ಲೆಕ್ಕನೂ ಇದೇ ಇರ್ಬೇಕು, ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ಬರದಂಗೆ ತೇವ ಆರದಂಗೆ ನೋಡ್ಕೊಳ್ತದೆ. ಗೊಬ್ಬರ ಏನು ಹಾಕ್ತಿದ್ರು ಅವ್ರು?

ಚೇತನ್_ಕೆ
ಗೌಡ್ರೇ, ಮೀನು. ಏಪ್ರಿಲ್‌ನಲ್ಲಿ ಹೆರಿಂಗ್ ಮೀನು ಸಮುದ್ರದಿಂದ ಊರ ಹಳ್ಳಕ್ಕೆ ಹತ್ತಿ ಬರ್ತಿತ್ತು, ಅದನ್ನ ಹಿಡಿದು ಜೋಳದ ಗುಡ್ಡೆ ಒಳಗೆ ಹೂತು ಮೇಲೆ ಬಿತ್ತೋದು. ಪಿಲ್ಗ್ರಿಮ್ಸ್‌ಗೆ ಇದನ್ನ ಹೇಳ್ಕೊಟ್ಟಿದ್ದು ಟಿಸ್ಕ್ವಾಂಟಮ್, ಪುಸ್ತಕಗಳಲ್ಲಿ ಸ್ಕ್ವಾಂಟೋ ಅಂತಿರತ್ತೆ. ಇಂಗ್ಲೆಂಡಿಂದ ತಂದ ಬಟಾಣಿ ಬಿಸಿಲಿಗೆ ಒಣಗಿಹೋಯ್ತು, ಅವನು ಹೇಳ್ಕೊಟ್ಟ ಜೋಳ ಕೈ ಹಿಡೀತು. ಆ ಹಳ್ಳಕ್ಕೆ ಟೌನ್ ಬ್ರೂಕ್ ಅಂತ ಹೆಸರು, ಈಗಲೂ ವಸಂತದಲ್ಲಿ ಮೀನು ಹತ್ತತ್ತೆ.

ಕುಡ್ಲದ_ಪ್ರವೀಣ್
ಇಷ್ಟು ಹೇಳಿದ ಮೇಲೆ ಒಂದು ಸೇರಿಸ್ತೇನೆ ಮಾರಾಯ್ರೆ. ಮೆಕ್ಕೆಜೋಳ ಮಾತ್ರ ಅಲ್ಲ, ಮೆಣಸಿನಕಾಯಿ, ಟೊಮೆಟೊ, ಗೋಡಂಬಿ, ಪಪ್ಪಾಯಿ ಎಲ್ಲ ಆ ಖಂಡದ್ದೇ, ಪೋರ್ಚುಗೀಸರು ಬಂದ ಮೇಲೆಯೇ ನಮ್ಮ ಕರಾವಳಿಗೆ ಬಂದದ್ದು. ಮಕ್ಕಳಿಗೆ ಕುಂದಾಪುರದ ಕೋಳಿ ಸುಕ್ಕ ಬಡಿಸುವಾಗ ಹೇಳಿ, ಇದರ ಖಾರ ಹುಟ್ಟಿದ್ದು ಅಮೆರಿಕ ಖಂಡದಲ್ಲಿ ಅಂತ.

ಸುಮಾ_ವುಸ್ಟರ್
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರತ್ತೆ ಅಂದ್ಕೊಂಡಿರ್ಲಿಲ್ಲ. ಮಗಳಿಗೆ ಓದಿ ಹೇಳ್ತಾ ಇದೀನಿ. ಚೇತನ್, ಅವಳದ್ದೊಂದು ಪ್ರಶ್ನೆ: ಸ್ಕ್ವಾಂಟೋ ಪಿಲ್ಗ್ರಿಮ್ಸ್ ಹತ್ರ ಇಂಗ್ಲಿಷಲ್ಲೇ ಮಾತಾಡ್ದ ಅಂತ ಪುಸ್ತಕದಲ್ಲಿದೆ, ಅವನಿಗೆ ಇಂಗ್ಲಿಷ್ ಹೇಗೆ ಬರ್ತಿತ್ತು? ಪುಸ್ತಕದಲ್ಲಿ ಇಲ್ಲ.

ಚೇತನ್_ಕೆ
ಸುಮಾ ಅಕ್ಕ, ನಿಮ್ಮ ಮಗಳು ಕೇಳಿದ್ದೇ ಇಡೀ ಕಥೆಯ ಕೀಲಿ. ಪುಸ್ತಕ ಬರೆದವರು ಅದನ್ನ ಬಿಟ್ಟಿದಾರೆ ಅಂದ್ರೆ ನಂಗೆ ಬೇಜಾರಾಗತ್ತೆ.

ಅವನು ಪಟುಕ್ಸೆಟ್ ಊರಿನವನೇ. 1614ರಲ್ಲಿ ಥಾಮಸ್ ಹಂಟ್ ಅನ್ನೋ ಇಂಗ್ಲಿಷ್ ಕ್ಯಾಪ್ಟನ್ ವ್ಯಾಪಾರಕ್ಕೆ ಅಂತ ನಂಬಿಸಿ ಹಡಗಿಗೆ ಹತ್ತಿಸಿ, ಅವನ ಜೊತೆ ಇನ್ನೂ ಎಷ್ಟೋ ಜನರನ್ನ ಹೊತ್ಕೊಂಡು ಹೋಗಿ ಸ್ಪೇನಿನ ಮಾಲಗಾದಲ್ಲಿ ಗುಲಾಮರಾಗಿ ಮಾರೋಕೆ ನಿಂತ. ಅಲ್ಲಿನ ಪಾದ್ರಿಗಳು ಕೆಲವರನ್ನ ಬಿಡಿಸ್ಕೊಂಡ್ರು. ಅವನು ಹೇಗೋ ಲಂಡನ್‌ಗೆ ಬಂದ, ಒಬ್ಬ ವ್ಯಾಪಾರಿ ಮನೇಲಿದ್ದ, ಭಾಷೆ ಕಲಿತಿದ್ದು ಅಲ್ಲಿ. ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗೋ ಹಡಗಲ್ಲಿ ಸೇರ್ಕೊಂಡು 1619ರಲ್ಲಿ ಊರಿಗೆ ವಾಪಸ್ ಬಂದ್ರೆ ಊರೇ ಇಲ್ಲ, ಎಲ್ಲರೂ ಕಾಯಿಲೆಗೆ ಹೋಗಿದ್ರು. ಮುಂದಿನ ವರ್ಷ ಅದೇ ಜಾಗದಲ್ಲಿ ಪಿಲ್ಗ್ರಿಮ್ಸ್ ಬಂದಿಳಿದ್ರು. ತನ್ನ ಜನ ಸತ್ತ ನೆಲದಲ್ಲಿ ನಿಂತು ಅವರಿಗೆ ಜೋಳ ಹಾಕೋದು ಹೇಳ್ಕೊಟ್ಟ. 1622ರಲ್ಲಿ ಜ್ವರ ಬಂದು ಅವನೂ ತೀರ್ಕೊಂಡ.

"ದೇವರು ಕಳಿಸಿದ ಸ್ನೇಹಿತ" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ ಅವನನ್ನ. ಅವನಿಗೂ ಅಪ್ಪ ಅಮ್ಮ ಇದ್ರು, ಊರಿಗೆ ವಾಪಸ್ ಹೋಗ್ಬೇಕು ಅಂತ ಅಷ್ಟು ದೂರ ಸಮುದ್ರ ದಾಟಿದ ಅಂತ ಮಗೂಗೆ ಹೇಳಿ, ಅವಳಿಗೆ ಖಂಡಿತ ಅರ್ಥ ಆಗತ್ತೆ.

ರವಿ_ಎಡಿಸನ್
ಇದು ಎಂಟು ವರ್ಷದ ಮಗೂಗೆ ಭಾರ ಅಲ್ವಾ? ನಾನಂತೂ ರಾತ್ರಿ ಮಲಗೋ ಮುಂಚೆ ಇದನ್ನ ಹೇಳಲ್ಲ.

ಚೇತನ್_ಕೆ
ಮಲಗೋ ಮುಂಚೆ ಬೇಡ ರವಿ ಸರ್, ಹಗಲೊತ್ತು ಹೇಳಿ. ಆದ್ರೆ ಹೇಳಿ.

ದೀಪಾ_ಟೀಚರ್
ರವಿ ಅವರ ಆತಂಕ ನಂಗರ್ಥ ಆಗತ್ತೆ, ಪೇರೆಂಟ್ಸ್ ಎಲ್ಲರೂ ಇದನ್ನೇ ಕೇಳ್ತಾರೆ. ನನ್ನ ಅನುಭವದಲ್ಲಿ ಐದಾರು ವರ್ಷಕ್ಕೆ ಅಲ್ಲಿ ಯಾರಿದ್ರು, ಎಂಥ ಮನೆ, ಏನು ಊಟ, ಇಷ್ಟು ಸಾಕು. ಎಂಟು ಒಂಬತ್ತಕ್ಕೆ ಕಾಯಿಲೆ, ಸಾವು, ಟಿಸ್ಕ್ವಾಂಟಮ್‌ನ ಹೊತ್ಕೊಂಡು ಹೋಗಿದ್ದು ಎಲ್ಲ ಹೇಳ್ಬೋದು, ನಾವು ಗಾಬರಿ ಆಗ್ದೆ ನಿಧಾನವಾಗಿ ಹೇಳಿದ್ರೆ ಮಕ್ಕಳು ತಡ್ಕೋತಾರೆ, ಆಮೇಲೆ ಅವರೇ ಪ್ರಶ್ನೆ ಕೇಳ್ತಾರೆ. 1621ರಲ್ಲಿ ಮಸ್ಸಸಾಯಿಟ್ ಮಾಡ್ಕೊಂಡ ಒಪ್ಪಂದದಿಂದ ಶಾಂತಿ ಐವತ್ತು ವರ್ಷ ಇತ್ತು, ಅವನ ಮಗ ಮೆಟಾಕಾಮ್ ಕಾಲಕ್ಕೆ ಭೂಮಿ ವಿಷಯಕ್ಕೆ 1675ರಲ್ಲಿ ದೊಡ್ಡ ಯುದ್ಧ ಆಯ್ತು, ಇದೂ ಹೇಳಿ. ಸಾಯಿಸಿದ ಮೇಲೆ ಅವನ ತಲೆನ ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಗಿಸಿ ವರ್ಷಗಟ್ಟಲೆ ಇಟ್ಟಿದ್ದು ಮಾತ್ರ ದೊಡ್ಡ ಕ್ಲಾಸಿಗೆ ಬಿಡಿ. ಬಿಡೋದು ಬೇರೆ, ಸುಳ್ಳು ಹೇಳೋದು ಬೇರೆ. ಎಲ್ಲರೂ ಕೊನೇವರೆಗೂ ಸ್ನೇಹಿತರಾಗೇ ಇದ್ರು ಅಂತ ಹೇಳ್ಬಿಟ್ರೆ ಮುಂದೆ ನಿಜ ತಿಳಿದ ದಿನ ಮಗು ನಿಮ್ಮ ಮಾತನ್ನೇ ನಂಬಲ್ಲ.

ಪ್ರಶಾಂತ್_ರಿಚ್ಮಂಡ್
ನಮ್ಮ ಕಡೆ ಇದೇ ತೊಂದ್ರೆ ಪೊಕಹೊಂಟಸ್ ಅನ್ನೋ ಮೂಲನಿವಾಸಿ ಮುಖಂಡನ ಮಗಳ ವಿಷಯದಲ್ಲಿ. ಕಾರ್ಟೂನ್ ನೋಡಿದ ಮಕ್ಕಳು ಅವಳು ಜೇಮ್ಸ್‌ಟೌನ್‌ನ ಇಂಗ್ಲಿಷ್ ನಾಯಕ ಜಾನ್ ಸ್ಮಿತ್‌ನ ಪ್ರೀತಿಸಿದ್ಲು ಅಂತಾರೆ. 1607ರಲ್ಲಿ ಅವಳಿಗೆ ಹನ್ನೊಂದರ ಆಸುಪಾಸು ವಯಸ್ಸು, ಮಗು. 1613ರಲ್ಲಿ ಇಂಗ್ಲಿಷರು ಅವಳನ್ನ ಒತ್ತೆ ಇಟ್ಕೊಂಡ್ರು, 1614ರಲ್ಲಿ ಮದುವೆ ಆಗಿದ್ದು ಅದೇ ಹೊಗೆಸೊಪ್ಪಿನ ಜಾನ್ ರಾಲ್ಫ್ ಜೊತೆ, 1617ರಲ್ಲಿ ವಾಪಸ್ ಹೊರಟಾಗ ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ಸತ್ಲು.

ಇನ್ನೊಂದು, ಮಕ್ಕಳಿಗೆ 1619 ಹೇಳ್ದೆ ಬಿಡಬೇಡಿ. ಜುಲೈ 30ಕ್ಕೆ ಜೇಮ್ಸ್‌ಟೌನ್ ಚರ್ಚಲ್ಲಿ ಆರಿಸಿ ಬಂದ ಪ್ರತಿನಿಧಿಗಳ ಮೊದಲ ಸಭೆ. ಅದೇ ಆಗಸ್ಟ್ ಕೊನೇಲಿ ಪಾಯಿಂಟ್ ಕಂಫರ್ಟ್‌ಗೆ ಬಂದ ಹಡಗಿಂದ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಆಫ್ರಿಕನ್ನರನ್ನ ಇಳಿಸಿ ಆಹಾರಕ್ಕೆ ಬದಲಾಗಿ ಕೊಟ್ರು. ಅದೇ ಬೇಸಿಗೆ, ಅದೇ ನದಿ. ಎರಡನ್ನೂ ಒಂದೇ ದಿನ ಪಾಠ ಮಾಡ್ಬೇಕು ಅಂತ ನನ್ನ ವಾದ.

ಮಲ್ಲಿಗೆ_79
ವಿಷಯ ಬೇರೆ ಕಡೆ ಹೋಗ್ತಿದೆ, ಆದ್ರೂ ಕೇಳ್ತೀನಿ. ನನ್ನ ಮಗ "ಈ ಕಥೇಲಿ ನಮ್ಮೂರು ಎಲ್ಲಿದೆ" ಅಂತ ಕೇಳ್ತಾನೆ. ಆ ಕಾಲದಲ್ಲಿ ನಮ್ಮ ಕಡೆಗೆ ಏನಾದ್ರೂ ಸಂಬಂಧ ಇತ್ತಾ?

ಕುಡ್ಲದ_ಪ್ರವೀಣ್
ಉಂಟು. ಎಲಿಹು ಯೇಲ್. ಹುಟ್ಟಿದ್ದು 1649ರಲ್ಲಿ ಬಾಸ್ಟನ್‌ನಲ್ಲಿ, ಚಿಕ್ಕವನಿರುವಾಗಲೇ ಮನೆಯವರು ಇಂಗ್ಲೆಂಡಿಗೆ ವಾಪಸ್. ಈಸ್ಟ್ ಇಂಡಿಯಾ ಕಂಪನಿ ಸೇರಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಗೆ 1687ರಿಂದ 1692ರ ತನಕ ಮುಖ್ಯಸ್ಥ. ಅಲ್ಲಿ ಭಯಂಕರ ದುಡ್ಡು ಮಾಡಿದ. 1718ರಲ್ಲಿ ಕನೆಕ್ಟಿಕಟ್‌ನ ಒಂದು ಸಣ್ಣ ಕಾಲೇಜಿಗೆ ಪುಸ್ತಕ, ರಾಜನ ಚಿತ್ರ, ಮೂಟೆ ಮೂಟೆ ಬಟ್ಟೆ ಕಳಿಸಿದ, ಆ ಸಾಮಾನು ಮಾರಿ 562 ಪೌಂಡ್ ಬಂತು, ಕಾಲೇಜಿಗೆ ಅವನ ಹೆಸರೇ ಇಟ್ಟರು, ಅದೇ ಈಗಿನ ಯೇಲ್ ವಿಶ್ವವಿದ್ಯಾಲಯ. ಅವನ ಆಡಳಿತದ ಮದ್ರಾಸಿನಿಂದ ಗುಲಾಮರನ್ನು ಹಡಗಿಗೆ ಹಾಕಿ ಕಳಿಸುವುದೂ ನಡೆಯುತ್ತಿತ್ತು, ಅದನ್ನೂ ಹೇಳಿ.

ಮಲ್ಲಿಗೆ_79
ನಮ್ಮ ಪಕ್ಕದ ಮದ್ರಾಸಿನ ದುಡ್ಡಲ್ಲಿ ಯೇಲ್! ಇವತ್ತೇ ಹೇಳ್ತೀನಿ ಮಗಂಗೆ.

ಶಾಲ್ಮಲಾ_ಧಾರವಾಡ
ಎಲ್ಲಾರೂ ಆಗಿನ ಮಾತು ಆಡಾಕತ್ತೀರಿ. ಮಕ್ಕಳ ತಲಿಯೊಳಗ ಉಳಿಯೋ ದೊಡ್ಡ ತಪ್ಪು ಏನಂದ್ರ ವಾಂಪನೋಗ್ ಮಂದಿ 1621ರಾಗ ಉಂಡು ಮುಗಿಸಿ ಎಲ್ಲೋ ಮಾಯ ಆದ್ರು ಅನ್ನೋದು. ಮ್ಯಾಶ್‌ಪೀ ಅನ್ನೋ ಊರಾಗ ಅದಾರ, ಮಾರ್ಥಾಸ್ ವೈನ್‌ಯಾರ್ಡ್‌ದಾಗ ಅಕ್ವಿನಾ ಅನ್ನೋ ಕಡೆ ಅದಾರ, ಎರಡಕ್ಕೂ ಸರಕಾರದ ಮಾನ್ಯತೆ ಐತಿ. 1970ರಾಗ ಪಿಲ್ಗ್ರಿಮ್ಸ್ ಬಂದು 350 ವರ್ಷ ಆದ ಸಮಾರಂಭಕ್ಕ ವಾಮ್ಸುಟ್ಟಾ ಫ್ರ್ಯಾಂಕ್ ಜೇಮ್ಸ್ ಅನ್ನೋ ವಾಂಪನೋಗ್ ಹಿರಿಯರನ್ನ ಭಾಷಣಕ್ಕ ಕರದು, ಬರದದ್ದು ಮೊದಲ ತೋರಿಸ್ರಿ ಅಂದ್ರು, ನೋಡಿ ಇದು ಬ್ಯಾಡ ಅಂದ್ರು. ಅವರು ಕೋಲ್ಸ್ ಹಿಲ್ ಮ್ಯಾಲೆ ಮಸ್ಸಸಾಯಿಟ್ ಮೂರ್ತಿ ಹತ್ರ ಮಂದಿ ಕೂಡಿಸಿದ್ರು. ಅವತ್ತಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಅಲ್ಲಿ ರಾಷ್ಟ್ರೀಯ ಶೋಕ ದಿನ ನಡೀತದ. ಬಂಡೆಗಲ್ಲು ಅದರ ಕೆಳಗ ಐತಿ.

ಅವರ ಭಾಷಾ ಅಂತೂ ಮಾತಾಡೋರ ಇಲ್ಲದಂಗ ಆಗಿತ್ತು. 1663ರಾಗ ಅಚ್ಚಾದ ಬೈಬಲ್, ಹಳೇ ಕಾಗದಪತ್ರ ಇಟಗೊಂಡು ಜೆಸ್ಸಿ ಲಿಟಲ್ ಡೋ ಬೇರ್ಡ್ ಅನ್ನೋ ವಾಂಪನೋಗ್ ಹೆಣಮಗಳು ಅದನ್ನ ಮತ್ತ ಎಬ್ಬಿಸಿದ್ರು, ಈಗ ಹುಡುಗರು ಕಲಿಯಾಕತ್ತಾರ. ಪರದೇಶದಾಗ ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೆ ಮಕ್ಕಳನ್ನ ಎಳಕೊಂಡು ಹೋಗೋ ನಮಗ ಈ ಸುದ್ದಿ ಮುಟ್ಟಬೇಕು.

ಅನಿತಾ_ಕ್ಯಾರಿ
ಇದು ಗೊತ್ತೇ ಇರ್ಲಿಲ್ಲ. ಮಾತಾಡೋರೇ ಇಲ್ದೆ ಇದ್ದ ಭಾಷೆನ ಹಳೇ ಪುಸ್ತಕ ಹಿಡ್ಕೊಂಡು ವಾಪಸ್ ತಂದ್ರಾ! ಇದನ್ನ ಪಾಠದಲ್ಲಿ ಮೊದಲ ಪುಟದಲ್ಲಿ ಹಾಕ್ಬೇಕು.

ದೀಪಾ_ಟೀಚರ್
ಸುಮಾ, ಗುರುತು ಅಂತ ಕೇಳಿದ್ರಲ್ಲ, ಇನ್ನೊಂದು ನಿಮ್ಮ ರಾಜ್ಯದಲ್ಲೇ ಇದೆ. ಮ್ಯಾಸಚೂಸೆಟ್ಸ್ ಬೇ ಕಾಲೊನಿಯ 1629ರ ಮುದ್ರೇಲಿ ಒಬ್ಬ ಮೂಲನಿವಾಸಿ ಬಾಯಿಂದ "ಬನ್ನಿ, ನಮಗೆ ಸಹಾಯ ಮಾಡಿ" ಅಂತ ಮಾತು ಹೊರಡಿಸಿದಾರೆ. ಅದನ್ನ ಕೆತ್ತಿಸಿದ್ದು ಇಂಗ್ಲೆಂಡಲ್ಲಿ ಕೂತವರು, ಯಾರೂ ಅವನನ್ನ ಕೇಳಿರ್ಲಿಲ್ಲ. ಆಮೇಲೆ ಬಂದ ರಾಜ್ಯ ಮುದ್ರೇಲಿ ಅವನ ಬಾಣ ಕೆಳಮುಖ, ತಲೆ ಮೇಲೆ ಕತ್ತಿ ಹಿಡಿದ ತೋಳು. ಅದನ್ನ ಬದಲಾಯಿಸೋಕೆ 2021ರಲ್ಲಿ ಕಾನೂನು ಮಾಡಿ ಸಮಿತಿ ರಚಿಸಿದ್ರು. ಹಳೇ ಮುದ್ರೆನ ಮಗಳಿಗೆ ತೋರ್ಸಿ, ಆ ಮನುಷ್ಯ ನಿಜವಾಗ್ಲೂ ಏನು ಹೇಳ್ತಿದ್ದ ಅಂತ ಅವಳನ್ನೇ ಬರೆಯೋಕೆ ಹೇಳಿ.

ರವಿ_ಎಡಿಸನ್
ಇದು ಒಳ್ಳೇ ಐಡಿಯಾ. ಮಗು ಕೈಲಿ ಬರೆಸೋದು ನಂಗೂ ಇಷ್ಟ ಆಯ್ತು. ಆದ್ರೂ ಟರ್ಕಿ ಚಿತ್ರ ಗೋಡೇಲಿ ಇರ್ಲಿ, ಅದ್ರಿಂದ ಯಾರಿಗೂ ನೋವಿಲ್ಲ.

ಸುಮಾ_ವುಸ್ಟರ್
ಅವಳು ಬಂಡೆನೇ ಆರಿಸ್ಕೊಂಡ್ಲು. ಚಾರ್ಟಲ್ಲಿ ಬಂಡೆ ಎರಡು ಹೋಳಾಗಿ, ಒಂದು ಕಡೆ 1620 ಪಟುಕ್ಸೆಟ್, ಇನ್ನೊಂದು ಕಡೆ 1741 ಫಾನ್ಸ್ ತಾತ. ನಮ್ಮನೆಯವರೂ ಕೂತು ಪಾಂಡಿತ್ಯದ ಮಾತಾಡ್ತಿದಾರೆ ಈಗ. ಶನಿವಾರ ಪ್ಲಿಮತ್‌ಗೆ ಹೋಗಿ ಬರೋಣ ಅಂತ. ಹೋದವರು ಯಾರಾದ್ರೂ ಹೇಳಿ, ಒಂದು ದಿನಕ್ಕೆ ಆಗತ್ತಾ, ಏನೇನು ನೋಡ್ಬೇಕು?

ಅನೂಪ್_ಕ್ವಿನ್ಸಿ
ಆರಾಮಾಗಿ ಆಗತ್ತೆ. ಬೆಳಗ್ಗೆ ಮೊದಲು ಮ್ಯೂಸಿಯಂಗೆ ಹೋಗಿ. ಮುಂಚೆ ಪ್ಲಿಮತ್ ಪ್ಲಾಂಟೇಶನ್ ಅಂತಿತ್ತು, 2020ರಲ್ಲಿ ಪ್ಲಿಮತ್ ಪಟುಕ್ಸೆಟ್ ಅಂತ ಹೆಸರು ಬದಲಾಯ್ಸಿದ್ರು. ಇಂಗ್ಲಿಷ್ ಹಳ್ಳೀಲಿ ಇರೋ ಸಿಬ್ಬಂದಿ 17ನೇ ಶತಮಾನದವರ ಪಾತ್ರದಲ್ಲೇ ಮಾತಾಡ್ತಾರೆ, ಮೊಬೈಲ್ ತೋರ್ಸಿದ್ರೆ ಇದೇನಂತ ಕೇಳ್ತಾರೆ. ವೆಟು ಇರೋ ಕಡೆ ಹಾಗಲ್ಲ, ಅಲ್ಲಿರೋರು ಇವತ್ತಿನ ಮೂಲನಿವಾಸಿ ಜನ, ಹಳೇ ಉಡುಪು ಹಾಕಿದ್ರೂ ಇವತ್ತಿನವರಾಗೇ ಮಾತಾಡ್ತಾರೆ, ಏನು ಬೇಕಾದ್ರೂ ಕೇಳ್ಬೋದು. "ನೀವು ನಿಜವಾದ ಇಂಡಿಯನ್ನಾ" ಅಂತ ಮಾತ್ರ ಕೇಳ್ಬಾರ್ದು ಅಂತ ಮಗಳಿಗೆ ಮುಂಚೆನೇ ಹೇಳಿಡಿ. ವೆಟು ಒಳಗೆ ಬೆಂಕಿ ಹಾಕಿರ್ತಾರೆ, ಬೆಂಚಿನ ಮೇಲೆ ತುಪ್ಪಳದ ಚರ್ಮ ಹಾಸಿರತ್ತೆ, ಕೂತ್ಕೊಳ್ಳೋಕೆ ಬಿಡ್ತಾರೆ.

ಮಧ್ಯಾಹ್ನ ಬಂದರಿಗೆ ಬನ್ನಿ. ಮೇಫ್ಲವರ್ ಎರಡನೇದು ಅಲ್ಲಿ ನಿಂತಿರತ್ತೆ, 1957ರಲ್ಲಿ ಇಂಗ್ಲೆಂಡಿಂದ ತೇಲಿಸ್ಕೊಂಡು ಬಂದಿದ್ದು. ಕೆಳಗಿನ ಅಟ್ಟಕ್ಕೆ ಇಳಿದು ನೋಡಿ, 102 ಜನ ಇಷ್ಟರಲ್ಲಿ ಎರಡು ತಿಂಗಳಿಗೂ ಹೆಚ್ಚು ಹೇಗಿದ್ರು ಅಂತ ಮಗಳಿಗೆ ತಲೆ ತಗ್ಗಿಸಿದ ಕೂಡ್ಲೇ ಗೊತ್ತಾಗತ್ತೆ. ಬಂಡೆ ಪಕ್ಕದಲ್ಲೇ, ನೋಡೋಕೆ ಟಿಕೆಟ್ ಇಲ್ಲ, ಕಂಬಗಳ ಮಂಟಪದ ಕೆಳಗಿನ ಗುಂಡೀಲಿ ಇದೆ. ಎದುರಿಗೆ ಮೆಟ್ಟಿಲು ಹತ್ತಿದ್ರೆ ಕೋಲ್ಸ್ ಹಿಲ್, ಶಾಲ್ಮಲಾ ಅವರು ಹೇಳಿದ ಮಸ್ಸಸಾಯಿಟ್ ಮೂರ್ತಿ. ಮ್ಯೂಸಿಯಂ ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ ಚಳಿಗಾಲಕ್ಕೆ ಮುಚ್ತಾರೆ, ಮತ್ತೆ ತೆಗೆಯೋದು ಮಾರ್ಚ್‌ಗೇ, ಅದಕ್ಕೆ ಈ ಶನಿವಾರನೇ ಹೋಗ್ಬಿಡಿ. ಟಿಕೆಟ್ ಆನ್‌ಲೈನಲ್ಲಿ ಮುಂಚೆ ತಗೊಳ್ಳಿ, ದಪ್ಪ ಜಾಕೆಟ್ಟೇ ಹಾಕ್ಸಿ, ಬಂದರಿನ ಹತ್ರ ಗಾಳಿ ಜೋರಿರತ್ತೆ.